'ಕ್ಯಾಬಿನ್ ಸೆಕ್ಯೂರ್' ಅಂದರೆ ಸೆಕ್ಯೂರಿಟಿ ಅಲ್ಲ

ವಿಮಾನ ಹೊರಡುವ ಮುಂಚೆ ಗಗನಸಖಿಯರು ತಲೆ ಮೇಲಿನ ಲಾಕರ್‌ಗಳನ್ನು ಒತ್ತುತ್ತಾ ಹೋಗುತ್ತಾರಲ್ಲ, ಅದನ್ನು 'ಭದ್ರತಾ ತಪಾಸಣೆ' ಅಂತ ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ಆ ತಪಾಸಣೆ ಟರ್ಮಿನಲ್‌ನಲ್ಲೇ ಮುಗಿದಿರುತ್ತದೆ. ಬೆಂಗಳೂರಿನಲ್ಲಿ ಅದು ಕೇಂದ್ರದ ಭದ್ರತಾ ಪಡೆಯಾದ ಸಿಐಎಸ್‌ಎಫ್‌ನವರ ಕೆಲಸ. ಬ್ಯಾಗಿನಲ್ಲಿ ಏನಿದೆ ಅಂತ ನೋಡುವವರು ಅವರು. ಗಗನಸಖಿ ನೋಡುವುದು ಆ ಬ್ಯಾಗ್ ಯಾರ ತಲೆ ಮೇಲೂ ಬೀಳದ ಹಾಗಿದೆಯಾ ಅಂತ. ಲಾಕರ್, ಬೆಲ್ಟ್, ಟ್ರೇ, ಸೀಟಿನ ಬೆನ್ನು ಎಲ್ಲ ಸರಿ ಇದ್ದಾಗ ಸಿಬ್ಬಂದಿ ಕಾಕ್‌ಪಿಟ್‌ಗೆ ಕೊಡುವ ವರದಿಯೇ 'ಕ್ಯಾಬಿನ್ ಸೆಕ್ಯೂರ್'.

ಗೊಂದಲ ಇರುವುದು ಸೆಕ್ಯೂರ್ ಪದದಲ್ಲೇ. ಲ್ಯಾಟಿನ್ನಿನಲ್ಲಿ 'ಸೆ' ಅಂದರೆ ಇಲ್ಲದೆ, 'ಕೂರಾ' ಅಂದರೆ ಚಿಂತೆ. ಎರಡೂ ಸೇರಿದರೆ ನಮ್ಮ 'ನಿಶ್ಚಿಂತ'. ಇಂಗ್ಲಿಷಿಗೆ ಬಂದ ಮೇಲೆ ಅದಕ್ಕೆ ಅಲುಗದಂತೆ ಬಿಗಿಯುವುದು ಅನ್ನುವ ಅರ್ಥವೂ ಸೇರಿಕೊಂಡಿತು. ವಿಮಾನದವರು ಹೇಳುವುದು ಇದನ್ನೇ. ಕನ್ನಡದ 'ಭದ್ರ'ಕ್ಕೂ ಹೀಗೇ ಎರಡು ಅರ್ಥ ಇವೆ: ಗಡಿ ಭದ್ರತೆಯೇ ಬೇರೆ, 'ಬಾಗಿಲು ಭದ್ರವಾಗಿ ಹಾಕು' ಅನ್ನುವುದೇ ಬೇರೆ, ಅಲ್ವಾ? ಲಾಕರ್‌ಗೆ ಬೇಕಾದದ್ದು ಎರಡನೆಯದು.

ಸುಮ್ನೆ ಕಣ್ಣಲ್ಲಿ ನೋಡಿದರೆ ಸಾಲದು. ಮುಚ್ಚಿದಂತೆ ಕಂಡರೂ ಚಿಲಕ ಕೂತಿರದೇ ಇರಬಹುದು, ಅದಕ್ಕೇ ಒಂದೊಂದನ್ನೂ ಕೈಯಿಂದ ಒತ್ತುವುದು. ಕೆಲವು ವಿಮಾನಗಳಲ್ಲಿ ಚಿಲಕ ಬೀಳದಿದ್ದರೆ ಕೆಂಪು ಗುರುತೂ ಕಾಣುತ್ತದೆ. ವಿಮಾನ ರನ್‌ವೇ ಕಡೆ ಹೊರಟಾಗ ಯಾರಾದರೂ ಎದ್ದು ಇಯರ್‌ಫೋನ್‌ಗೆ ಅಂತ ಲಾಕರ್ ತೆಗೆದರೆ ಕ್ಯಾಬಿನ್ ಸೆಕ್ಯೂರ್ ಆಗಿ ಉಳಿಯುವುದಿಲ್ಲ, ಮತ್ತೆ ನೋಡಲೇಬೇಕು. ಹೀಗಿರುವಾಗ ಗಗನಸಖಿ ಗದರಿದರು ಅಂತ ದೂರುವುದು ಅನ್ಯಾಯ. ಇಳಿಯುವ ಮುಂಚೆಯೂ ಇದೇ ಕೆಲಸ ಇನ್ನೊಮ್ಮೆ ನಡೆಯುತ್ತದೆ.

ಇನ್ನೊಂದು ವಿಷಯ. ಚಿಲಕ ಬಿದ್ದಿದೆ ಅಂದ ಮಾತ್ರಕ್ಕೆ ಒಳಗಿರುವ ಸಾಮಾನೂ ಅಪಾಯ ಇಲ್ಲದ್ದು ಅಂತಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನದ ಹಿಂಭಾಗದ ಲಾಕರ್‌ನಲ್ಲೇ ಬೆಂಕಿ ಹತ್ತಿತು. ಒಳಗಿದ್ದ 176 ಜನರೂ ಹೊರಗೆ ಬಂದು ಬದುಕಿದರು. ತನಿಖೆಯವರ ಅನುಮಾನ ಹೋದದ್ದು ಪವರ್ ಬ್ಯಾಂಕ್ ಮೇಲೆ. ಆಮೇಲೆ ಕೊರಿಯಾದಲ್ಲಿ ಪವರ್ ಬ್ಯಾಂಕನ್ನು ಲಾಕರ್‌ನಲ್ಲಿ ಇಡುವಂತಿಲ್ಲ, ಕೈಗೆ ಸಿಗುವ ಹಾಗೆ ನಿಮ್ಮ ಹತ್ತಿರವೇ ಇರಬೇಕು ಅಂತ ನಿಯಮ ಬಂತು.