ಟಾಕ್ಸೊಪ್ಲಾಸ್ಮೋಸಿಸ್: ಹುಟ್ಟಿದಾಗ ಕಿವಿ ಪರೀಕ್ಷೆ ಪಾಸ್ ಆದ ಮಗುವನ್ನು ಮತ್ತೆ ಏಕೆ ಕರೆಯಬೇಕು?

ಮಾನಸಗಂಗೋತ್ರಿಯಲ್ಲಿ ಆಡಿಯಾಲಜಿ (ಶ್ರವಣಶಾಸ್ತ್ರ) ಓದುತ್ತಾ ಕ್ಲಿನಿಕ್ ಪೋಸ್ಟಿಂಗ್‌ಗೆ ಹೊರಟವರಿಗೆ ಈ ಟಿಪ್ಪಣಿ. ಬಸುರಿಯಿಂದ ಮಗುವಿಗೆ ದಾಟಬಲ್ಲ ‘ಟಾರ್ಚ್’ (TORCH) ಗುಂಪಿನ ಸೋಂಕುಗಳಲ್ಲಿ ಮೊದಲನೆಯದು ಟಾಕ್ಸೊಪ್ಲಾಸ್ಮೋಸಿಸ್. ಕಾರಣ ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಪರಾವಲಂಬಿ. ಬೆಕ್ಕಿನ ಮಲದಲ್ಲಿ ಹೊರಬಿದ್ದ ಅದರ ಊಸಿಸ್ಟ್‌ಗಳು (ಗಟ್ಟಿ ಕವಚದ ಮೊಟ್ಟೆಯಂಥ ರೂಪ) 1ರಿಂದ 5 ದಿನದಲ್ಲಿ ಸೋಂಕು ತಗಲಿಸುವ ಹಂತಕ್ಕೆ ಬರುತ್ತವೆ. ಕೇಸ್ ಹಿಸ್ಟರಿಯಲ್ಲಿ ‘ಬೆಕ್ಕು ಸಾಕಿದ್ದೀರಾ?’ ಎಂದಷ್ಟೇ ಕೇಳಿ ಬಿಡಬೇಡಿ. ಮಂಡ್ಯ ಕಡೆಯ ತಾಯಿ ‘ಇಲ್ಲ’ ಎಂದರೂ ಹಿತ್ತಲ ಮಣ್ಣು, ಸರಿಯಾಗಿ ತೊಳೆಯದ ಸೊಪ್ಪು, ಅರೆಬೆಂದ ಮಾಂಸ ಇದ್ದೇ ಇವೆ.

ಈಗ ಗೊಂದಲದ ಜಾಗ: ತಾಯಿಗೆ ಸೋಂಕು ತಗಲಿದ್ದು ಎಷ್ಟನೇ ತಿಂಗಳಲ್ಲಿ? ಬಸಿರಿಗೆ ಬಹಳ ಮೊದಲೇ ಬಂದುಹೋಗಿದ್ದರೆ ಮಗುವಿಗೆ ದಾಟುವುದು ತೀರ ಅಪರೂಪ. ಬಸುರಿಯಾಗಿದ್ದಾಗಲೇ ಮೊದಲ ಸಲ ತಗಲಿದರೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಮಗುವಿಗೆ ದಾಟುತ್ತದೆಯೇ? ದಾಟಿದರೆ ಹಾನಿ ಎಷ್ಟು? ಮೊದಲ ಮೂರು ತಿಂಗಳಲ್ಲಿ ದಾಟುವ ಸಾಧ್ಯತೆ ಕಡಿಮೆ, ದಾಟಿದರೆ ಮಾತ್ರ ಹಾನಿ ಭಾರಿ: ತಲೆಯಲ್ಲಿ ನೀರು ತುಂಬುವುದು, ಮಿದುಳಲ್ಲಿ ಸುಣ್ಣ ಕಟ್ಟುವುದು, ಅಕ್ಷಿಪಟಲದ ಉರಿಯೂತ. ಇಂಥ ಮಗುವನ್ನು ಯಾರೂ ಕಡೆಗಣಿಸುವುದಿಲ್ಲ. ಕೊನೆಯ ಮೂರು ತಿಂಗಳಲ್ಲಿ ಲೆಕ್ಕ ತಲೆಕೆಳಗು. ಜರಾಯು ಬೆಳೆದು ರಕ್ತ ಸಂಚಾರ ಹೆಚ್ಚಿರುವುದರಿಂದ ಪರಾವಲಂಬಿ ಸುಲಭವಾಗಿ ದಾಟುತ್ತದೆ, ಆದರೆ ಅಂಗಗಳು ಆಗಲೇ ರೂಪುಗೊಂಡಿರುತ್ತವೆ. ಮಗು ಗುಂಡುಗುಂಡಾಗಿ ಹುಟ್ಟುತ್ತದೆ, ಓಎಇ (ಒಳಗಿವಿಯಿಂದ ಮರಳುವ ಸಣ್ಣ ಸದ್ದನ್ನು ಅಳೆಯುವ ಪರೀಕ್ಷೆ) ಪಾಸ್ ಆಗುತ್ತದೆ, ಮನೆಗೆ ಹೋಗುತ್ತದೆ. ಸೋಂಕಿನೊಂದಿಗೆ ಹುಟ್ಟುವ ಹೆಚ್ಚಿನ ಮಕ್ಕಳು ಹೀಗೆಯೇ ಲಕ್ಷಣವಿಲ್ಲದವರು. ನಮ್ಮ ಕಣ್ತಪ್ಪಿ ಹೋಗುವುದು ಇವರೇ.

ಓಎಇ ಹೇಳುವುದು ಆ ದಿನ ಒಳಗಿವಿಯ ಹೊರ ರೋಮಕೋಶಗಳು ಹೇಗಿವೆ ಎಂಬುದನ್ನಷ್ಟೇ. ಶ್ರವಣ ನರದ ಸುದ್ದಿ ಬೇಕಾದರೆ ಬೆರಾ (ಸದ್ದಿಗೆ ಶ್ರವಣ ನರ, ಮಿದುಳುಕಾಂಡ ಕೊಡುವ ವಿದ್ಯುತ್ ಪ್ರತಿಕ್ರಿಯೆಯ ಪರೀಕ್ಷೆ) ಮಾಡಬೇಕು. ಸೋಂಕಿನಿಂದ ತೀರಿಕೊಂಡ ಶಿಶುಗಳ ಒಳಗಿವಿಯನ್ನು ಪರೀಕ್ಷಿಸಿದಾಗ ಸ್ಟ್ರಯಾ ವ್ಯಾಸ್ಕುಲಾರಿಸ್‌ನಲ್ಲಿ (ಕಾಕ್ಲಿಯಾದ ರಕ್ತನಾಳಗಳಿರುವ ಪಟ್ಟಿ) ಕ್ಯಾಲ್ಸಿಯಂ ಶೇಖರಣೆ ಕಂಡಿದೆ. ಸೆನ್ಸರಿನ್ಯೂರಲ್ ನಷ್ಟ (ಒಳಗಿವಿ ಅಥವಾ ಶ್ರವಣ ನರದ ಹಾನಿಯಿಂದ ಬರುವ ಕಿವುಡು) ತಿಂಗಳು, ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು. ಅದಕ್ಕೇ ಶಿಶುಗಳ ಶ್ರವಣ ಕುರಿತ ಅಮೆರಿಕದ ಜಂಟಿ ಸಮಿತಿಯ (ಜೆಸಿಐಎಚ್) 2007ರ ಹೇಳಿಕೆ ಗರ್ಭದಲ್ಲಿ ತಗಲುವ ಈ ಸೋಂಕನ್ನು ತಡವಾಗಿ ಬರುವ ಕಿವುಡಿನ ಅಪಾಯ ಸೂಚಕಗಳಲ್ಲಿ ಸೇರಿಸಿದೆ.

ಚಿಕಿತ್ಸೆ: ಪೈರಿಮೆಥಮಿನ್, ಸಲ್ಫಾಡಯಜಿನ್, ಫೋಲಿನಿಕ್ ಆಮ್ಲ, ಸಾಮಾನ್ಯವಾಗಿ 12 ತಿಂಗಳು. ಬೇಗ ಶುರುಮಾಡಿ ಪೂರ್ತಿ ಕೊಟ್ಟ ಮಕ್ಕಳಲ್ಲಿ ಕಿವುಡು ಬಹಳ ಕಡಿಮೆ. ಔಷಧಿ ನಡುವೆ ನಿಂತಿದ್ದರಂತೂ ಫೈಲಿನಲ್ಲಿ ‘ಪಾಸ್’ ಪಕ್ಕದಲ್ಲೇ ಮುಂದಿನ ಪರೀಕ್ಷೆಯ ತಾರೀಕು ಬರೆದು, ಅದು ಏಕೆಂದು ತಾಯಿಗೂ ಬಿಡಿಸಿ ಹೇಳಿ ಕಳಿಸಿ.