ಕಂಪ್ಯೂಟರ್ ಲ್ಯಾಬಲ್ಲಿ ಮೊದಲು ಪೆನ್ನು ಯಾಕೆ?

ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಲ್ಯಾಬ್ ಎಕ್ಸಾಮ್ ದಿನ ಮರೆಯೋಕೆ ಆಗಲ್ಲ. ಮೇಜಿನ ಮೇಲಿಂದ ಒಂದು ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮನ್ನ ಹಾಳೆ ಮೇಲೆ ಪೂರ್ತಿ ಬರೆದು ಸೈನ್ ಹಾಕಿಸ್ಕೋಬೇಕು, ಆಮೇಲೆ ಸಿಸ್ಟಮ್ ಮುಂದೆ ಕೂತು ಟೈಪ್ ಮಾಡಿ ಔಟ್‌ಪುಟ್ ತೋರಿಸಬೇಕು, ಕೊನೆಗೆ ವೈವಾ, ಅಂದ್ರೆ ಬಾಯಿಮಾತಿನ ಪರೀಕ್ಷೆ. ಕಂಪ್ಯೂಟರ್ ಕಣ್ಣೆದುರಿಗೇ ಇರುವಾಗ ಮೊದಲು ಕಾಗದದಲ್ಲಿ ಬರೆಯೋದು ಯಾಕೆ ಅಂತ ನಾವು ಓದುವಾಗ ಯಾರೂ ಕೇಳ್ಲಿಲ್ಲ. ನನಗನ್ಸೋದು, ಇದು ಮೆಷಿನ್‌ಗೆ ಬರ ಇದ್ದ ಕಾಲದ ಅಭ್ಯಾಸ, ಬರ ಹೋದ್ರೂ ಅಭ್ಯಾಸ ಹೋಗಿಲ್ಲ.

1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಅನ್ನೋ ಕಂಪ್ಯೂಟರ್ ಬಂತು. ನಮ್ಮ ದೇಶದಲ್ಲಿ ವಿದ್ಯಾರ್ಥಿಗಳಿಗೆ ಪ್ರೋಗ್ರಾಮಿಂಗ್ ಕಲಿಸೋ ಕೆಲಸ ದೊಡ್ಡ ಮಟ್ಟದಲ್ಲಿ ಶುರುವಾಗಿದ್ದು ಅಲ್ಲಿಂದ. ಅಲ್ಲಿ ಕಲಿಸಿದವರಲ್ಲಿ ಪ್ರೊ. ವಿ. ರಾಜಾರಾಮನ್ ಒಬ್ಬರು, 1965ರಲ್ಲಿ ಅಲ್ಲಿ ಎಂ.ಟೆಕ್.ನಲ್ಲಿ ಕಂಪ್ಯೂಟರ್ ಸೈನ್ಸ್ ಶುರು ಮಾಡಿದವರು, ಆಮೇಲೆ 1982ರಲ್ಲಿ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಐಐಎಸ್‌ಸಿಗೆ ಬಂದವರು.

ಆ ಕಾಲದ ಕಂಪ್ಯೂಟರ್ ಸೆಂಟರುಗಳಲ್ಲಿ ಸಾಮಾನ್ಯವಾಗಿ ನಡೀತಿದ್ದ ರೀತಿ ನೋಡಿ. ಮೊದಲು ಕೋಡಿಂಗ್ ಶೀಟ್ ಮೇಲೆ ಚೌಕಕ್ಕೊಂದು ಅಕ್ಷರದ ಹಾಗೆ ಫೋರ್ಟ್ರಾನ್ ಅನ್ನೋ ಭಾಷೆಲಿ ಪ್ರೋಗ್ರಾಮ್ ಬರೀಬೇಕು, ಆಮೇಲೆ ಸಾಲಿಗೊಂದು ಗಟ್ಟಿ ಕಾಗದದ ಕಾರ್ಡಲ್ಲಿ ತೂತು ಹಾಕಿ ಪಂಚ್ ಮಾಡಬೇಕು, ಒಂದು ಕಾರ್ಡಲ್ಲಿ 80 ಕಾಲಮ್, ಅದರಲ್ಲಿ ಪ್ರೋಗ್ರಾಮ್ ಬರೆಯೋಕೆ ಸಿಗೋದು 7ರಿಂದ 72, ಕೊನೇ ಎಂಟು ಕಾಲಮ್‌ನಲ್ಲಿ ಕಾರ್ಡಿನ ಕ್ರಮಸಂಖ್ಯೆ, ಯಾಕಂದ್ರೆ ಕಾರ್ಡಿನ ಕಟ್ಟು ಕೈಜಾರಿ ಬಿದ್ರೆ ಮತ್ತೆ ಜೋಡಿಸ್ಬೇಕಲ್ಲ. ಕಟ್ಟನ್ನ ಕೌಂಟರ್‌ಗೆ ಕೊಟ್ಟು ಬಂದ್ರೆ ಪ್ರಿಂಟ್‌ಔಟ್ ಸಿಗೋಕೆ ಗಂಟೆಗಟ್ಟಲೆ ಕಾಯಬೇಕು, ಕೆಲವು ಸಲ ಮಾರನೇ ದಿನ. ಒಂದು ಕಾಮಾ ತಪ್ಪಿದ್ರೂ ಅಷ್ಟೂ ಹೊತ್ತು ವೇಸ್ಟ್. ಹಾಗಾಗಿ ಮೊದಲು ಕಾಗದದಲ್ಲಿ ಸರಿ ಮಾಡ್ಕೋ ಅನ್ನೋದು ಅವತ್ತಿಗೆ ನಿಜವಾಗ್ಲೂ ಬುದ್ಧಿವಂತಿಕೆಯ ಮಾತು.

ಆಮೇಲೆ ಪಿಸಿ ಬಂತು. 1987ರಲ್ಲಿ ಬೋರ್ಲ್ಯಾಂಡ್ ಕಂಪನಿ ಸಿ ಭಾಷೆಗೆ ಟರ್ಬೋ ಸಿ ಅನ್ನೋ ಸಾಫ್ಟ್‌ವೇರ್ ಬಿಡುಗಡೆ ಮಾಡ್ತು, ಬರೆಯೋದು, ಕಂಪೈಲ್ ಮಾಡೋದು (ಅಂದ್ರೆ ಮೆಷಿನ್ ಭಾಷೆಗೆ ತಿರುಗಿಸೋದು), ರನ್ ಮಾಡೋದು ಎಲ್ಲಾ ಒಂದೇ ನೀಲಿ ಸ್ಕ್ರೀನಲ್ಲಿ. ಮಾರನೇ ದಿನದವರೆಗೆ ಕಾಯ್ತಿದ್ದ ಉತ್ತರ ಸೆಕೆಂಡಲ್ಲಿ ಬರೋಕೆ ಶುರುವಾಯ್ತು. ಕಲಿಯೋ ರೀತಿ ಬದಲಾಗಬೇಕಿದ್ದ ಹೊತ್ತು ಅದೇ ಆಗಿತ್ತು.

1998ರಲ್ಲಿ ವಿಟಿಯು, ಅಂದ್ರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಶುರುವಾಯ್ತು, ಅಲ್ಲೀವರೆಗೆ ಬೇರೆ ಬೇರೆ ಯೂನಿವರ್ಸಿಟಿಗಳ ಕೆಳಗಿದ್ದ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ಒಂದೇ ಸಿಲಬಸ್‌ಗೆ ಬಂದ್ವು. ಒಳ್ಳೇದೇ. ಆದ್ರೆ ಲ್ಯಾಬ್ ಅಂದ್ರೆ ಮೊದಲೇ ಗೊತ್ತಿರೋ ಹತ್ತು ಹನ್ನೆರಡು ಪ್ರೋಗ್ರಾಮ್‌ಗಳ ಪಟ್ಟಿ ಅಂತ ಆಗೋಯ್ತು. 2018ರ ಸ್ಕೀಮಲ್ಲೂ, ಅಂದ್ರೆ ಆ ವರ್ಷದ ಪಠ್ಯಕ್ರಮದಲ್ಲೂ, ಪ್ರೊಸೀಜರ್ (ಹಾಳೆ ಮೇಲೆ) ಬರೆಯೋದಕ್ಕೆ 15 ಅಂಕ, ರನ್ ಮಾಡೋದಕ್ಕೆ 70, ವೈವಾಗೆ 15 ಇತ್ತು, ಚೀಟಿಲಿ ಬಂದ ಪ್ರೋಗ್ರಾಮನ್ನ ಒಂದೇ ಸಲ ಬದಲಾಯಿಸ್ಬಹುದಿತ್ತು, ಬದಲಾಯಿಸಿದ್ರೆ ಪ್ರೊಸೀಜರ್ ಅಂಕ ಸೊನ್ನೆ. ಹೀಗಿದ್ರೆ ಮಕ್ಕಳು ಏನ್ ಮಾಡ್ತಾರೆ? ಮಗ್ಗಿ ಥರ ಬಾಯಿಪಾಠ ಮಾಡ್ತಾರೆ.

ನನ್ನದೇ ಒಂದು ಅನುಭವ ಹೇಳ್ತೀನಿ. ಟರ್ಬೋ ಸಿನಲ್ಲಿ ಫ್ಯಾಕ್ಟೋರಿಯಲ್ ಪ್ರೋಗ್ರಾಮ್ (1ರಿಂದ ಆ ಸಂಖ್ಯೆವರೆಗಿನ ಎಲ್ಲವನ್ನೂ ಗುಣಿಸೋದು) ಬರೆದು 8 ಕೊಟ್ಟೆ, 40320 ಬರೋ ಬದಲು -25216 ಬಂತು. ಲ್ಯಾಬಲ್ಲಿದ್ದ ಮೇಷ್ಟ್ರನ್ನ ಕೇಳಿದ್ರೆ "8 ಕೊಡ್ಬೇಡ, 5 ಕೊಡು, ಸರಿ ಬರುತ್ತೆ, ರೆಕಾರ್ಡ್‌ಗೆ ಅದನ್ನೇ ಬರಿ" ಅಂದ್ರು. ಆ ಕಂಪೈಲರ್‌ನಲ್ಲಿ ಇಂಟ್, ಅಂದ್ರೆ ಪೂರ್ಣಸಂಖ್ಯೆ ಇಡೋ ಜಾಗ, 16 ಬಿಟ್ ಅಷ್ಟೇ, 32767 ದಾಟಿದ್ರೆ ಲೆಕ್ಕ ಸುತ್ತು ಹೊಡೆದು ಮೈನಸ್‌ಗೆ ಹೋಗುತ್ತೆ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿ ಎಷ್ಟೋ ದಿನ ಆದ್ಮೇಲೆ. ಆ ತಪ್ಪು ಉತ್ತರದಲ್ಲೇ ಅವತ್ತಿನ ಇಡೀ ಪಾಠ ಇತ್ತು, ಈಗ್ಲೂ ಬೇಜಾರಾಗುತ್ತೆ.

64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್‌ನ ಟರ್ಬೋ ಸಿ ನೇರವಾಗಿ ಓಡಲ್ಲ ಅಂತಾದಾಗ್ಲೂ ಎಷ್ಟೋ ಲ್ಯಾಬ್‌ಗಳು ಅದನ್ನ ಬಿಡದೆ ಹಳೇ ಡಾಸ್ ಪ್ರೋಗ್ರಾಮ್‌ಗಳನ್ನ ಓಡಿಸೋ ಡಾಸ್‌ಬಾಕ್ಸ್ ಹಾಕ್ಕೊಂಡು ಓಡಿಸಿದ್ವು, ಪುಕ್ಕಟೆ ಸಿಗೋ ಜಿಸಿಸಿ ಅನ್ನೋ ಕಂಪೈಲರ್ ಇದ್ರೂ. 2009ರಿಂದ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಇದೆ, ಸುರತ್ಕಲ್‌ನ ಎನ್‌ಐಟಿಕೆ ಕೂಡ ಅದರಲ್ಲಿದೆ, ಬ್ರೌಸರ್‌ನಲ್ಲೇ ಪ್ರಯೋಗ ಮಾಡಬಹುದು. ಈಗ ಪೈಥಾನ್ ಭಾಷೆ ಬಂದಿದೆ, ಮಕ್ಕಳ ಬ್ಯಾಗಲ್ಲೇ ಲ್ಯಾಪ್‌ಟಾಪ್ ಇದೆ.

ನನಗಿರೋ ಆಸೆ ಇಷ್ಟೇ, ಎಕ್ಸಾಮಲ್ಲಿ ಚೀಟಿ ಜೊತೆ ಬೇಕಂತಲೇ ಕೆಡಿಸಿಟ್ಟ ಒಂದು ಪ್ರೋಗ್ರಾಮ್ ಕೊಟ್ಟು, ಎಲ್ಲಿ ತಪ್ಪಿದೆ ಕಂಡುಹಿಡಿ ಅಂತ ಒಂದು ಗಂಟೆ ಬಿಡಲಿ, ಪ್ರೊಸೀಜರ್‌ಗೆ ಕೊಡ್ತಿದ್ದ ಆ 15 ಅಂಕ ಅದಕ್ಕೇ ಇರಲಿ.