ಕುರುಬನೂ ಅವನೇ, ಕುರಿಮರಿಯೂ ಅವನೇ

ಕಾರವಾರ, ಅಂಕೋಲಾ, ಹೊನ್ನಾವರದ ಕ್ರೈಸ್ತರು ಕ್ರಿಸ್‌ಮಸ್ ಹೊತ್ತಿಗೆ ಕಟ್ಟುವ ಗೋದಲಿಯಲ್ಲಿ ಕುರಿಗಳೂ ಕುರುಬರೂ ಇರಲೇಬೇಕು. ಆದರೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿ ಕುರಿ ಸಾಕುವ ಸೀಮೆಯಲ್ಲ. ಹಿಂಡು ನೋಡಬೇಕೆಂದರೆ ಘಟ್ಟ ಹತ್ತಿ ಮುಂಡಗೋಡ, ಹಳಿಯಾಳದ ಬಯಲಿನ ಕಡೆ ಹೋಗಬೇಕು. ಬಲೆ ಬೀಸಿ ಬದುಕುವವರ ಪ್ರಾರ್ಥನೆಯಲ್ಲಿ ಕುರಿ ಕಾಯುವವನು ನೆಲೆನಿಂತ ಕಥೆ ಯೇಸುವಿಗಿಂತಲೂ ಬಹಳ ಹಿಂದೆ ಶುರುವಾಗುತ್ತದೆ.

ಪಶ್ಚಿಮ ಏಷ್ಯಾದಲ್ಲಿ ಕುರುಬನೆಂಬುದು ಅರಸರ ಬಿರುದಾಗಿತ್ತು. ಕ್ರಿ.ಪೂ. 18ನೇ ಶತಮಾನದಲ್ಲಿ ಬ್ಯಾಬಿಲೋನನ್ನು ಆಳಿದ ಹಮ್ಮುರಾಬಿ ತನ್ನ ಕಾನೂನು ಸಂಹಿತೆಯ ಪೀಠಿಕೆಯಲ್ಲಿ ತನ್ನನ್ನು ಹಾಗೆಯೇ ಕರೆದುಕೊಂಡಿದ್ದಾನೆ. ಯೆಹೂದ್ಯರು ಆ ಬಿರುದನ್ನು ದೇವರಿಗೆ ಸಲ್ಲಿಸಿದರು; ದೇವರನ್ನು ತನ್ನ ಕುರುಬನೆನ್ನುವ ಬೈಬಲ್ಲಿನ 23ನೇ ಕೀರ್ತನೆ ಅದರ ಪ್ರಸಿದ್ಧ ರೂಪ. ಕ್ರಿ.ಪೂ. 6ನೇ ಶತಮಾನದಲ್ಲಿ ಬ್ಯಾಬಿಲೋನಿಗೆ ಸೆರೆಯಾಳಾಗಿ ಹೋದ ಪ್ರವಾದಿ ಯೆಹೆಜ್ಕೇಲನು, ಕೊಬ್ಬು ತಿಂದು ಉಣ್ಣೆ ಹೊದ್ದು ಹಿಂಡನ್ನು ಮಾತ್ರ ಮೇಯಿಸದೆ ಬಿಟ್ಟ ಕುರುಬರೆಂದು ತನ್ನ ಜನರ ಆಳುವವರನ್ನು ಖಂಡಿಸಿ, ಇನ್ನು ಮುಂದೆ ದೇವರೇ ಹಿಂಡನ್ನು ನೋಡಿಕೊಳ್ಳುವನೆಂದ. ಯೋಹಾನನ ಸುವಾರ್ತೆಯಲ್ಲಿ ಯೇಸು ತಾನು ಕುರಿಗಳಿಗಾಗಿ ಪ್ರಾಣ ಕೊಡುವ ಒಳ್ಳೆಯ ಕುರುಬನೆಂದು ಹೇಳುವುದು ಈ ಹಿನ್ನೆಲೆಯಲ್ಲಿ. ಅದನ್ನು ಹುಲ್ಲುಗಾವಲಿನ ಸೌಮ್ಯ ಚಿತ್ರವೆಂದಷ್ಟೇ ಓದಿದರೆ ಮಾತಿನ ಹರಿತ ತಿಳಿಯುವುದಿಲ್ಲ.

ಕುರಿಮರಿಯದು ಬೇರೆಯೇ ದಾರಿ. ಈಜಿಪ್ಟಿನಿಂದ ಬಿಡುಗಡೆ ಪಡೆದ ರಾತ್ರಿ ಇಸ್ರಾಯೇಲರು ಕಳಂಕವಿಲ್ಲದ ಒಂದು ವರ್ಷದ ಗಂಡು ಮರಿಯನ್ನು ಕೊಯ್ದು ಅದರ ರಕ್ತವನ್ನು ಬಾಗಿಲ ಚೌಕಟ್ಟಿಗೆ ಹಚ್ಚಿದರೆಂದು ಬೈಬಲ್ಲಿನ ವಿಮೋಚನಕಾಂಡ ಹೇಳುತ್ತದೆ. (ಆ ಮರಿ ಆಡಿನದ್ದೂ ಆಗಬಹುದಿತ್ತೆಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ.) ಅದರ ಎಲುಬು ಮುರಿಯಬಾರದೆಂಬ ಕಟ್ಟಳೆಯಿತ್ತು. ಯೋಹಾನನು ಯೇಸುವಿನ ಮರಣವನ್ನು, ಆ ಬಿಡುಗಡೆಯ ನೆನಪಿನ ಹಬ್ಬವಾದ ಪಾಸ್ಖದ ಸಿದ್ಧತೆಯ ದಿನಕ್ಕೇ ಹೊಂದಿಸಿ, ಶಿಲುಬೆಯ ಮೇಲೆ ಆತನ ಕಾಲುಗಳನ್ನು ಸೈನಿಕರು ಮುರಿಯಲಿಲ್ಲವೆಂದು ಬರೆಯುವಾಗ ಈ ಕಟ್ಟಳೆಯನ್ನೇ ನೆನಪಿಸುತ್ತಾನೆ. ಕಾಯುವವನೇ ಬಲಿಯಾಗುವ ಈ ವೈರುಧ್ಯವನ್ನು ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆ ಬಗೆಹರಿಸಲು ಹೋಗದೆ ಇನ್ನಷ್ಟು ಬಿಗಿಗೊಳಿಸುತ್ತದೆ: ಸಿಂಹಾಸನದ ನಡುವಿರುವ ಕುರಿಮರಿಯೇ ಜನರಿಗೆ ಕುರುಬನಾಗುವುದೆಂದು ಅದರ 7ನೇ ಅಧ್ಯಾಯದಲ್ಲಿದೆ.

ಚಿತ್ರಗಳಲ್ಲಿ ಮೊದಲು ಗೆದ್ದವನು ಕುರುಬ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲೂ, ಸಿರಿಯಾದ ದುರಾ ಯುರೋಪಸ್‌ನಲ್ಲಿ 3ನೇ ಶತಮಾನದ ದೀಕ್ಷಾಸ್ನಾನದ ಕೋಣೆಯಲ್ಲೂ ಗಡ್ಡವಿಲ್ಲದ ಯುವಕನೊಬ್ಬ ಕುರಿಯನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾನೆ. ಟಗರು ಹೊತ್ತ ಹರ್ಮಿಸ್ ದೇವತೆಯ ಗ್ರೀಕ್ ಮಾದರಿಯೇ ಅದು. ಕಿರುಕುಳದ ಕಾಲದಲ್ಲಿ ಪರರ ಕಣ್ಣಿಗೆ ಬೀಳದಂತೆ ನಂಬಿಕೆಯನ್ನು ಚಿತ್ರಿಸಲು ಅದು ಅನುಕೂಲವೂ ಆಗಿದ್ದಿರಬೇಕು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ನಂತರ ಧರ್ಮಕ್ಕೆ ರಾಜಾಶ್ರಯ ದೊರೆತಂತೆ ಕ್ರಿಸ್ತನೂ ಚಕ್ರವರ್ತಿಯಂತೆ ಕಾಣತೊಡಗಿದ. ಇಟಲಿಯ ರವೆನ್ನಾದ 5ನೇ ಶತಮಾನದ ಮೊಸಾಯಿಕ್‌ನಲ್ಲಿ ಕುರುಬನ ಮೈಮೇಲೆ ಚಿನ್ನದ ಬಣ್ಣದ ನಿಲುವಂಗಿ, ಕೈಯಲ್ಲಿ ಶಿಲುಬೆ ಇವೆ. ಅಲ್ಲಿಂದಾಚೆ ಹಳೆಯ ಕುರುಬ ವಿರಳನಾದ.

ಕುರಿಮರಿಗೆ ವಿರೋಧ ಬಂದದ್ದು 692ರಲ್ಲಿ. ಕ್ರಿಸ್ತನನ್ನು ಕುರಿಮರಿಯಾಗಿ ಬರೆಯಬಾರದು, ಮನುಷ್ಯರೂಪದಲ್ಲೇ ತೋರಿಸಬೇಕೆಂದು ಕಾನ್‌ಸ್ಟಾಂಟಿನೋಪಲ್‌ನ ಸಭೆ ವಿಧಿಸಿತು. ಸಿರಿಯಾ ಮೂಲದ ಪೋಪ್ ಮೊದಲನೇ ಸೆರ್ಜಿಯಸ್ ಆ ಸಭೆಯ ನಿರ್ಣಯಗಳನ್ನು ಒಪ್ಪಲಿಲ್ಲ. ಅಷ್ಟೇ ಅಲ್ಲ, ಬಲಿಪೂಜೆಯಲ್ಲಿ ರೊಟ್ಟಿ ಮುರಿಯುವಾಗ ‘ದೇವರ ಕುರಿಮರಿ’ ಎಂಬ ಸ್ತುತಿಯನ್ನು ಹಾಡುವ ಪದ್ಧತಿಯನ್ನೂ ತಂದರು. ಇದು ಆ ನಿಷೇಧಕ್ಕೆ ಕೊಟ್ಟ ಉತ್ತರವೇ ಇರಬೇಕೆಂದು ಹಲವು ಇತಿಹಾಸಕಾರರ ಊಹೆ. ಇಂದು ಉತ್ತರ ಕನ್ನಡದ ಇಗರ್ಜಿಗಳಲ್ಲಿ ಕೊಂಕಣಿಯಲ್ಲೂ ಕನ್ನಡದಲ್ಲೂ ಕೇಳಿಬರುವುದು ಆ ಸ್ತುತಿಯೇ.

ನಮ್ಮ ನೆರೆಯ ಗೋವಾದಲ್ಲಿ 17ನೇ ಶತಮಾನದ ಹೊತ್ತಿಗೆ ಕುರುಬ ಮತ್ತೆ ಕಾಣಿಸಿಕೊಂಡ, ಈ ಬಾರಿ ದಂತದಲ್ಲಿ. ಮೆಟ್ಟಿಲು ಮೆಟ್ಟಿಲಾದ ಬೆಟ್ಟದ ತುದಿಯಲ್ಲಿ ಬಾಲಯೇಸು ಕಾಲು ಮಡಚಿ, ಕೆನ್ನೆಗೆ ಕೈಯಾನಿಸಿ, ಕಣ್ಣುಮುಚ್ಚಿ ಕುಳಿತಿರುತ್ತಾನೆ. ಹೆಗಲಲ್ಲೊಂದು, ಮಡಿಲಲ್ಲೊಂದು ಕುರಿ, ಕೆಳಗೆ ಕಾರಂಜಿ, ತಳದ ಗುಹೆಯಲ್ಲಿ ಯೇಸುವಿನ ಶಿಷ್ಯೆ ಮಗ್ದಲದ ಮರಿಯ. ಆ ಭಂಗಿಯಲ್ಲಿ ಧ್ಯಾನಸ್ಥ ಬುದ್ಧನ, ಬಾಲಕೃಷ್ಣನ ಛಾಯೆ ಕಂಡವರಿದ್ದಾರೆ. ಕೆತ್ತಿದ ಕೈಗಳು ಈ ನೆಲದವಾದ್ದರಿಂದ ನನಗದು ಅಸಹಜವೆನಿಸುವುದಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇಂಥ ಹಲವು ಪ್ರತಿಮೆಗಳಿವೆ.

ಇಷ್ಟಾದರೂ ಕರಾವಳಿಗೆ ಹೆಚ್ಚು ಹತ್ತಿರವಾದದ್ದು ಯೋಹಾನನ ಕೊನೆಯ ಅಧ್ಯಾಯವೆಂದೇ ಹೇಳಬೇಕು. ಅಲ್ಲಿ 153 ದೊಡ್ಡ ಮೀನುಗಳು ತುಂಬಿದ ಬಲೆಯನ್ನು ದಡಕ್ಕೆಳೆದ ಶಿಷ್ಯ ಪೇತ್ರನಿಗೆ, ಕೆಂಡದ ಮೇಲೆ ಮೀನು ಬೇಯಿಸಿ ಬಡಿಸಿದ ಮೇಲೆ, ನನ್ನ ಕುರಿಗಳನ್ನು ಮೇಯಿಸೆಂದು ಯೇಸು ಹೇಳುತ್ತಾನೆ. ಮೀನುಗಾರನಿಗೆ ಹೀಗೆ ಒಪ್ಪಿಸಿದ ಕೆಲಸ ಮುಂದೆ ಹುದ್ದೆಯಾಯಿತು, ಕುರುಬನ ಕೋಲು ಧರ್ಮಾಧ್ಯಕ್ಷರ (ಬಿಷಪ್) ದಂಡವಾಯಿತು. ಗೋವಾದಿಂದ 1953ರಲ್ಲಿ ಬೇರ್ಪಟ್ಟ ಬೆಳಗಾವಿ ಧರ್ಮಪ್ರಾಂತ್ಯದಿಂದ 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ರೂಪುಗೊಂಡಾಗ ಆ ದಂಡ ಇಲ್ಲಿಗೂ ಬಂತು. ಕುರಿಯ ಉಣ್ಣೆಯಿಂದಲೇ ನೇಯ್ದ, ಕಳೆದುಹೋಗಿ ಸಿಕ್ಕ ಕುರಿಯನ್ನು ಹೆಗಲಿಗೇರಿಸಿದ್ದರ ಗುರುತಾದ ಪಾಲಿಯಂ ಎಂಬ ಪಟ್ಟಿ ಮಾತ್ರ ಮಹಾಧರ್ಮಾಧ್ಯಕ್ಷರಿಗೆ ಮೀಸಲು. ಕಾರವಾರವೂ ಸೇರಿ ಹಲವು ಧರ್ಮಪ್ರಾಂತ್ಯಗಳನ್ನೊಳಗೊಂಡ ಪ್ರಾಂತದಲ್ಲಿ ಅದನ್ನು ಧರಿಸುವವರು ಬೆಂಗಳೂರಿನ ಮಹಾಧರ್ಮಾಧ್ಯಕ್ಷರು.